‘ಪತ್ತೆಯಾಗಿಲ್ಲ’ ಅಂದರೆ ‘ಇಲ್ಲ’ ಅಂತಲ್ಲ

2020ರ ಡಿಸೆಂಬರ್ ಮೊದಲ ವಾರದಲ್ಲಿ ಎರಡು ಸುದ್ದಿ ಹೆಚ್ಚುಕಮ್ಮಿ ಒಟ್ಟಿಗೇ ಬಂದವು.

ಒಂದು ಆಂಧ್ರದ ಏಲೂರಿನಿಂದ. ಡಿಸೆಂಬರ್ 5ರ ಹೊತ್ತಿಗೆ ಆ ಊರಿನ ಜನ ಇದ್ದಕ್ಕಿದ್ದಂತೆ ಕುಸಿದು ಬೀಳತೊಡಗಿದರು. ಫಿಟ್ಸ್, ವಾಂತಿ, ಬಾಯಲ್ಲಿ ನೊರೆ, ಸ್ವಲ್ಪ ಹೊತ್ತು ಪ್ರಜ್ಞೆಯೇ ಇಲ್ಲ. ಕೆಲವೇ ದಿನಗಳಲ್ಲಿ 600ಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು, ಒಬ್ಬರು ತೀರಿಕೊಂಡರು. ಕೊರೊನಾ ಕಾಲ ಬೇರೆ; ಮೊದಲು ಅದನ್ನೇ ನೋಡಿದರು, ಅದಲ್ಲ. ಕುಡಿಯುವ ನೀರಿನ ಮಾದರಿ ಪರೀಕ್ಷಿಸಿದರು, ಸರಿ ಇದೆ ಅಂತ ಬಂತು. ಸಿ.ಟಿ. ಸ್ಕ್ಯಾನ್ ಸರಿ ಇತ್ತು. ಟಿವಿಯವರು ‘ನಿಗೂಢ ಕಾಯಿಲೆ’ ಅಂತ ಹೆಸರಿಟ್ಟು ಒಂದೆರಡು ದಿನ ಓಡಿಸಿ ಕೈಬಿಟ್ಟರು.

ಇನ್ನೊಂದು ಸುದ್ದಿ ಅದಕ್ಕೆ ಎರಡೇ ದಿನ ಮುಂಚೆ, ಡಿಸೆಂಬರ್ 3ರಂದು, ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಅಮೆರಿಕದ ಸಿಯಾಟಲ್ ಸುತ್ತಮುತ್ತಲಿನ ಹಳ್ಳಗಳಲ್ಲಿ ಮಳೆ ಬಂದಾಗಲೆಲ್ಲ ಕೋಹೋ ಸಾಲ್ಮನ್ ಮೀನುಗಳು ಗಂಟೆಗಳ ಲೆಕ್ಕದಲ್ಲಿ ಸಾಯುತ್ತಿದ್ದವು. ಸುಮಾರು ಎರಡು ದಶಕದಿಂದ ಯಾರಿಗೂ ಕಾರಣ ಗೊತ್ತಿರಲಿಲ್ಲ. ಕೊನೆಗೆ ಒಂದು ತಂಡ ಆ ವಿಷದ ಹೆಸರು ಹೇಳಿತು: 6ಪಿಪಿಡಿ-ಕ್ವಿನೋನ್. ಬಂದದ್ದು ಕಾರಿನ ಟೈರಿನಿಂದ.

ಮೀನಿನ ಸಾವಿಗೆ ಒಂದು ಅಣುವಿನ ಹೆಸರು ಸಿಕ್ಕಿತು. ಮನುಷ್ಯರಿಗೆ ಸಿಕ್ಕಿದ್ದು ಒಂದರ ಮೇಲೊಂದು ವರದಿ. ಏಮ್ಸ್ ರಕ್ತದಲ್ಲಿ ಸೀಸ, ನಿಕ್ಕಲ್ ಕಂಡಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ (ಎನ್‌ಐಎನ್) ಟ್ರಯಜೋಫಾಸ್‌ನಂಥ ಆರ್ಗಾನೋಫಾಸ್ಫೇಟ್ ಕೀಟನಾಶಕದ ಕುರುಹು ಕಂಡಿತು. ಡಿಸೆಂಬರ್ 16ರ ಮುಖ್ಯಮಂತ್ರಿಗಳ ಸಭೆಯಲ್ಲಿ ‘ಕೀಟನಾಶಕದ ಉಳಿಕೆಯೇ ಮುಖ್ಯ ಕಾರಣ ಇರಬೇಕು, ಮೈಗೆ ಹೇಗೆ ಸೇರಿತು ಅನ್ನೋದಕ್ಕೆ ಇನ್ನಷ್ಟು ಅಧ್ಯಯನ ಬೇಕು’ ಅನ್ನುವಲ್ಲಿಗೆ ಬಂದು ನಿಂತರು.

ಹೋಲಿಕೆ ಪೂರ್ತಿ ನ್ಯಾಯವಲ್ಲ, ಒಪ್ಪುತ್ತೇನೆ. ಸಿಯಾಟಲ್‌ನವರಿಗೆ ವರ್ಷಗಟ್ಟಲೆ ಸಮಯ ಇತ್ತು, ಏಲೂರಿನ ವೈದ್ಯರ ಮುಂದೆ ಒದ್ದಾಡುತ್ತಿದ್ದ ಮಕ್ಕಳಿದ್ದರು. ಆದರೆ ಎರಡೂ ಕಡೆ ಇದ್ದ ಯಂತ್ರ ಹೆಚ್ಚುಕಮ್ಮಿ ಒಂದೇ ಜಾತಿಯದು. ಆ ಯಂತ್ರಕ್ಕೆ ಕೇಳಿದ ಪ್ರಶ್ನೆ ಬೇರೆ ಬೇರೆ. ಪರಿಸರ ವಿಷಗಳ ರಾಜಕೀಯವೆಲ್ಲ ಆ ಪ್ರಶ್ನೆಯಲ್ಲೇ ಅಡಗಿದೆ ಅನ್ನೋದು ನನ್ನ ವಾದ. ಅದಕ್ಕೆ ಮೊದಲು ಯಂತ್ರ ಏನು ಮಾಡುತ್ತೆ ನೋಡೋಣ.

ಮಾಸ್ ಸ್ಪೆಕ್ಟ್ರೋಮೀಟರ್ ಅಂದರೆ ಅಣುಗಳ ತಕ್ಕಡಿ. ಅಣುವಿಗೆ ವಿದ್ಯುದಾವೇಶ ಕೊಟ್ಟು, ನಿರ್ವಾತದಲ್ಲಿ ಎಲ್ಲಕ್ಕೂ ಒಂದೇ ಅಳತೆಯ ತಳ್ಳು ಕೊಡುತ್ತಾರೆ. ಹಗುರಾದದ್ದು ಮೊದಲು ಗುರಿ ಮುಟ್ಟುತ್ತೆ, ಭಾರವಾದದ್ದು ಹಿಂದೆ ಬೀಳುತ್ತೆ. ತಲುಪಿದ ಸಮಯದಿಂದ ತೂಕ ಲೆಕ್ಕ ಹಾಕಬಹುದು. ಬೇರೆ ವಿನ್ಯಾಸಗಳೂ ಇವೆ, ತತ್ವ ಇಷ್ಟೇ. ಒಳ್ಳೆಯ ಯಂತ್ರ ಈ ತೂಕವನ್ನು ದಶಮಾಂಶದ ನಾಲ್ಕನೇ ಸ್ಥಾನದವರೆಗೆ ಹೇಳುತ್ತೆ. ಅಷ್ಟು ನಿಖರವಾಗಿ ತೂಗಿದರೆ ಅಣುವಿನಲ್ಲಿ ಎಷ್ಟು ಇಂಗಾಲ, ಎಷ್ಟು ಸಾರಜನಕ ಅಂತ ಊಹಿಸಲು ಆಗುತ್ತೆ. ಆಮೇಲೆ ಅಣುವನ್ನು ಒಡೆದು ಚೂರುಗಳನ್ನೂ ತೂಗುತ್ತಾರೆ. ಪ್ರತಿ ಅಣುವೂ ತನ್ನದೇ ರೀತಿಯಲ್ಲಿ ಒಡೆಯುತ್ತೆ, ಅದು ಅದರ ಬೆರಳಚ್ಚು. ಪ್ರೋಟೀನಿನಂಥ ದೊಡ್ಡ ಅಣುಗಳನ್ನು ಮುರಿಯದೆ ಗಾಳಿಗೆ ಎತ್ತಿ ತೂಗುವ ವಿಧಾನಗಳಿಗೆ 2002ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತ್ತು.

ಇದನ್ನು ಬಳಸುವ ದಾರಿ ಎರಡು. ಮದುವೆ ಮನೆ ಬಾಗಿಲಲ್ಲಿ ಒಬ್ಬ ಆಹ್ವಾನಿತರ ಪಟ್ಟಿ ಹಿಡಿದು ನಿಂತಿದ್ದಾನೆ ಅಂದುಕೊಳ್ಳಿ. ಪಟ್ಟಿಯಲ್ಲಿರುವ ಹದಿನೆಂಟು ಜನ ಬಂದರಾ ಇಲ್ಲವಾ, ಇಷ್ಟನ್ನು ಅವನು ಟಿಕ್ ಹಾಕುತ್ತಾನೆ. ತುಂಬಾ ಖಚಿತವಾಗಿ, ಬೇಗ, ಕಡಿಮೆ ಖರ್ಚಿನಲ್ಲಿ. ಕರೆಯದೆ ಬಂದ ಹತ್ತೊಂಬತ್ತನೆಯವನು ಅವನ ಕಣ್ಣೆದುರೇ ಊಟ ಮಾಡಿ ಒಡವೆ ಕದ್ದು ಹೋದರೂ ರಿಪೋರ್ಟಿನಲ್ಲಿ ಬರಲ್ಲ. ಇನ್ನೊಂದು ದಾರಿ ಸಿಸಿಟಿವಿ. ಯಾರ್ಯಾರು ಬಂದರು ಅನ್ನೋದು ಅದಕ್ಕೆ ಗೊತ್ತಿಲ್ಲ, ಆದರೆ ಬಂದವರ ಮುಖವೆಲ್ಲ ದಾಖಲಾಗಿರುತ್ತೆ. ಹತ್ತು ವರ್ಷ ಬಿಟ್ಟು ಕಳ್ಳನ ಫೋಟೋ ಸಿಕ್ಕರೆ ಹಳೆಯ ಫೂಟೇಜ್ ತೆಗೆದು ನೋಡಬಹುದು. ಮೊದಲನೆಯದಕ್ಕೆ ಗುರಿ ಇಟ್ಟ ಪರೀಕ್ಷೆ ಅನ್ನೋಣ, ಎರಡನೆಯದಕ್ಕೆ ಗುರಿ ಇಲ್ಲದ ಪರೀಕ್ಷೆ. ಐಟಿಯಲ್ಲಿರುವ ಓದುಗರಿಗೆ ಇದನ್ನು ವಿವರಿಸಬೇಕಿಲ್ಲ. ನಾನೂ ಎಂಜಿನಿಯರಿಂಗ್ ಓದಿದವನೇ. ಎಲ್ಲಾ ಟೆಸ್ಟ್ ಕೇಸ್ ಪಾಸಾಗಿದೆ ಅನ್ನೋದಕ್ಕೂ ಬಗ್ ಇಲ್ಲ ಅನ್ನೋದಕ್ಕೂ ಇರುವ ದೂರ ಎಷ್ಟು ಅಂತ ರಿಲೀಸ್ ರಾತ್ರಿ ಎದ್ದು ಕೂತವರಿಗೆಲ್ಲ ಗೊತ್ತು. ಆದರೆ ಸಾಫ್ಟ್‌ವೇರಿನಲ್ಲಿ ಒಪ್ಪುವ ಈ ಮಾತನ್ನು ಕುಡಿಯುವ ನೀರಿನ ವಿಷಯದಲ್ಲಿ ನಾವು ಮರೆತುಬಿಡುತ್ತೇವೆ.

ಸಿಯಾಟಲ್‌ನ ಕತೆಯಲ್ಲಿ ಸಿಸಿಟಿವಿ ಕೆಲಸ ಮಾಡಿದ್ದು ಹೀಗೆ. ಪ್ಯೂಜೆಟ್ ಸೌಂಡ್ ಸುತ್ತಲಿನ ನಗರದ ಹಳ್ಳಗಳನ್ನು ದುಡ್ಡು ಸುರಿದು ಪುನಶ್ಚೇತನ ಮಾಡಿದ್ದರು. ಮೊಟ್ಟೆ ಇಡಲು ಸಮುದ್ರದಿಂದ ವಾಪಸ್ ಬಂದ ಕೋಹೋಗಳು ಅದೇ ಹಳ್ಳಗಳಲ್ಲಿ ಮೊಟ್ಟೆ ಇಡುವ ಮೊದಲೇ ಸಾಯುತ್ತಿದ್ದವು. ಕೆಲವು ಕಡೆ ಬಂದವುಗಳಲ್ಲಿ ಶೇ. 40ರಿಂದ 90ರವರೆಗೆ. ನೀರಿನಲ್ಲಿ ಆಮ್ಲಜನಕ ಸರಿ ಇತ್ತು, ಉಷ್ಣಾಂಶ ಸರಿ ಇತ್ತು, ಗೊತ್ತಿರುವ ಲೋಹ, ಗೊತ್ತಿರುವ ಕೀಟನಾಶಕ ಯಾವುದರಿಂದಲೂ ಆ ಸಾವು ವಿವರಿಸಲು ಆಗುತ್ತಿರಲಿಲ್ಲ. ಪಟ್ಟಿ ಹಿಡಿದವನ ಪ್ರಕಾರ ಎಲ್ಲಾ ಚೆನ್ನಾಗಿತ್ತು. ರಸ್ತೆ ತೊಳೆದು ಬಂದ ಮಳೆನೀರೇ ಕೊಲ್ಲುತ್ತಿದೆ ಅನ್ನೋದು ಮಾತ್ರ ಖಚಿತವಾಯಿತು.

ಎಡ್ವರ್ಡ್ ಕೊಲೊಡ್ಜೀ, ಜೆನಿಫರ್ ಮೆಕಿಂಟೈರ್, ಜೆನ್ಯು ಟಿಯಾನ್ ಮತ್ತವರ ಸಂಗಡಿಗರು ಟೈರನ್ನು ತುರಿದು ಪುಡಿ ಮಾಡಿ ನೀರಿನಲ್ಲಿ ನೆನೆಹಾಕಿದರು. ಆ ಕಷಾಯಕ್ಕೆ ಬಿಟ್ಟ ಮೀನು ಸತ್ತಿತು. ಅದರಲ್ಲಿ ಯಂತ್ರಕ್ಕೆ ಕಂಡ ರಾಸಾಯನಿಕಗಳು 2,000ಕ್ಕೂ ಹೆಚ್ಚು. ಒಂದೊಂದನ್ನೇ ಪರೀಕ್ಷಿಸಲು ಆಯಸ್ಸು ಸಾಲಲ್ಲ. ಅದಕ್ಕೆ ಕಷಾಯವನ್ನು ಭಾಗ ಮಾಡಿ, ಪ್ರತಿ ಭಾಗಕ್ಕೂ ಮೀನು ಬಿಟ್ಟು, ಕೊಲ್ಲುವ ಭಾಗವನ್ನು ಮಾತ್ರ ಇಟ್ಟುಕೊಂಡು, ಅದನ್ನು ಮತ್ತೆ ಭಾಗ ಮಾಡಿದರು. ಗಮನಿಸಿ, ಇಲ್ಲಿ ದಾರಿ ತೋರಿಸಿದ್ದು ಪಟ್ಟಿಯಲ್ಲ, ಸಾಯುತ್ತಿರುವ ಜೀವ. ಕೊನೆಗೆ ಒಂದು ಅಣು ಉಳಿಯಿತು. ತೂಕದಿಂದ ಸೂತ್ರ ಸಿಕ್ಕಿತು: ಇಂಗಾಲ 18, ಜಲಜನಕ 22, ಸಾರಜನಕ 2, ಆಮ್ಲಜನಕ 2. ದತ್ತಾಂಶ ಕೋಶಗಳಲ್ಲಿ ಹುಡುಕಿದರೆ ಹೊಂದುವ ಟೈರ್ ರಾಸಾಯನಿಕ ಒಂದೂ ಇಲ್ಲ.

ಆಗ ಟಿಯಾನ್‌ಗೆ ಹೊಳೆದದ್ದು ನನಗೆ ಇಡೀ ಕತೆಯಲ್ಲಿ ಅತಿ ಇಷ್ಟವಾದ ಭಾಗ. ಪರಿಸರಕ್ಕೆ ಬಿದ್ದ ವಸ್ತು ಗಾಳಿ, ಬಿಸಿಲಿನಲ್ಲಿ ಬದಲಾಗುತ್ತೆ. ಬದಲಾಗುವಾಗ ಸಾಮಾನ್ಯವಾಗಿ ಜಲಜನಕ, ಆಮ್ಲಜನಕ ಹೆಚ್ಚುಕಡಿಮೆ ಆಗುತ್ತೆ, ಇಂಗಾಲ-ಸಾರಜನಕದ ಅಸ್ಥಿಪಂಜರ ಉಳಿದಿರಬಹುದು. ಹಾಗಾದರೆ ಆಮ್ಲಜನಕ, ಜಲಜನಕದ ಲೆಕ್ಕ ಬಿಟ್ಟು 18 ಇಂಗಾಲ, 2 ಸಾರಜನಕ ಇರುವ ಟೈರ್ ರಾಸಾಯನಿಕ ಯಾವುದಿದೆ? ಇತ್ತು. 6ಪಿಪಿಡಿ. ಓಜೋನ್ ತಾಗಿ ಟೈರು ಬಿರುಕು ಬಿಡದಿರಲಿ ಅಂತ ಜಗತ್ತಿನಾದ್ಯಂತ ಟೈರುಗಳಿಗೆ ಬೆರೆಸುವ ರಕ್ಷಕ. ಟೈರಿನ ಬದಲು ತಾನೇ ಓಜೋನ್ ಜೊತೆ ಸೇರಿ ಅದು ಬೇರೆಯದೇ ವಸ್ತುವಾಗುತ್ತೆ. ತಾಯಿಗೆ ಲೈಸೆನ್ಸ್ ಇದೆ, ಸುರಕ್ಷತಾ ದಾಖಲೆ ಇದೆ. ಕೊಲ್ಲುತ್ತಿದ್ದದ್ದು ಮಗಳು. ಆ ಮಗಳನ್ನು ಯಾವ ಕಾರ್ಖಾನೆಯೂ ತಯಾರಿಸುವುದಿಲ್ಲ, ಯಾರೂ ಮಾರುವುದಿಲ್ಲ, ಹಾಗಾಗಿ ಅವಳು ಯಾವ ಪಟ್ಟಿಯಲ್ಲೂ ಇರಲಿಲ್ಲ.

ಎಷ್ಟು ವಿಷ ಅಂದರೆ, ನಂತರದ ಪರಿಷ್ಕೃತ ಅಳತೆಯ ಪ್ರಕಾರ ಲೀಟರಿಗೆ 95 ನ್ಯಾನೋಗ್ರಾಂ ಇದ್ದರೆ ಅರ್ಧದಷ್ಟು ಎಳೆಯ ಕೋಹೋಗಳು ಒಂದು ದಿನದೊಳಗೆ ಸಾಯುತ್ತವೆ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ, ಒಂದು ಟಿಎಂಸಿ ನೀರಿಗೆ ಮೂರು ಕೆಜಿಗಿಂತಲೂ ಕಡಿಮೆ. ಅದರ ಹತ್ತಿರದ ನೆಂಟ ಚಮ್ ಸಾಲ್ಮನ್‌ಗೆ ಅದೇ ನೀರಿನಲ್ಲಿ ಏನೂ ಆಗಲ್ಲ. ಒಂದು ಮೀನು ಬದುಕಿತು ಅಂತ ನೀರು ಸುರಕ್ಷಿತ ಅನ್ನುವಂತಿಲ್ಲ ಅಂತಾಯಿತು.

ಇನ್ನೊಂದು ವಿಷಯ. ಹೆಸರು ಗೊತ್ತಾದ ಮೇಲೆ ಆ ತಂಡ ಹೊಸದಾಗಿ ಮಳೆಗೆ ಕಾಯುತ್ತ ಕೂರಲಿಲ್ಲ. ಹಿಂದೆ ಸಂಗ್ರಹಿಸಿ ಇಟ್ಟಿದ್ದ ರಸ್ತೆ ನೀರು, ಹಳ್ಳದ ನೀರಿನ ಸಾರಗಳ ದಾಖಲೆಗಳನ್ನು ತೆರೆದು ಹುಡುಕಿತು. ಅದು ಅಲ್ಲೇ ಇತ್ತು. ಮೊದಲಿಂದಲೂ ಇತ್ತು. ಈ ‘ಎತ್ತಿಟ್ಟಿದ್ದರು’ ಅನ್ನುವ ಪದ ನೆನಪಿಟ್ಟುಕೊಳ್ಳಿ.

2023ರಲ್ಲಿ ಕ್ಯಾಲಿಫೋರ್ನಿಯಾ 6ಪಿಪಿಡಿ ಇರುವ ಟೈರುಗಳನ್ನು ಆದ್ಯತೆಯ ನಿಯಂತ್ರಣ ಪಟ್ಟಿಗೆ ಸೇರಿಸಿತು. ಅದೇ ವರ್ಷ ಮೂರು ಮೂಲನಿವಾಸಿ ಬುಡಕಟ್ಟುಗಳು ಕೊಟ್ಟ ಅರ್ಜಿಯನ್ನು ಅಮೆರಿಕದ ಪರಿಸರ ಸಂಸ್ಥೆ ಒಪ್ಪಿಕೊಂಡಿತು. ಸಾಲ್ಮನ್ ಅವರಿಗೆ ಊಟ ಮಾತ್ರವಲ್ಲ, ಸರ್ಕಾರದ ಜೊತೆಗಿನ ಒಪ್ಪಂದದ ಹಕ್ಕು ಕೂಡ.

ಈಗ ನಮ್ಮ ಕಡೆ ಬರೋಣ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನೀರನ್ನು ‘ಎ’ಯಿಂದ ‘ಇ’ವರೆಗೆ ವರ್ಗ ಮಾಡುತ್ತೆ. ಬೆಂಗಳೂರಿನ ಕೆರೆಗಳ ವರದಿ ಬಂದಾಗಲೆಲ್ಲ ನಾವು ಪತ್ರಕರ್ತರು ‘ಇಷ್ಟು ಕೆರೆ ಡಿ, ಇಷ್ಟು ಕೆರೆ ಇ’ ಅಂತ ಬರೆಯುತ್ತೇವಲ್ಲ, ಅದೇ. ‘ಡಿ’ ಅಂದರೆ ಮೀನು ಮತ್ತು ವನ್ಯಜೀವಿಗಳಿಗೆ ಯೋಗ್ಯ. ಅದಕ್ಕೆ ಬೇಕಾದದ್ದು ಏನು ಗೊತ್ತಾ? ಪಿಎಚ್ 6.5ರಿಂದ 8.5ರ ನಡುವೆ, ಕರಗಿದ ಆಮ್ಲಜನಕ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ, ಮುಕ್ತ ಅಮೋನಿಯ 1.2ರೊಳಗೆ. ಮೂರೇ ಮೂರು. ಆಮ್ಲಜನಕ ಚೆನ್ನಾಗಿದ್ದ ಸಿಯಾಟಲ್‌ನ ಹಳ್ಳವನ್ನು ತಂದು ಈ ಮೂರು ಪ್ರಶ್ನೆ ಕೇಳಿದರೆ, ಕೋಹೋಗಳು ತೇಲುತ್ತಿರುವಾಗಲೇ, ‘ಮೀನಿಗೆ ಯೋಗ್ಯ’ ಎಂಬ ಸರ್ಟಿಫಿಕೇಟ್ ಸಿಗಬಹುದು. ಚರಂಡಿ ನೀರು ಕೆರೆಗೆ ಸೇರುತ್ತಿದೆಯಾ ಅಂತ ನೋಡಲು ಈ ಅಳತೆಗಳು ಸಾಕು; ನಮ್ಮ ದೊಡ್ಡ ಸಮಸ್ಯೆ ಇನ್ನೂ ಅದೇ, ಅಲ್ಲಗಳೆಯಲ್ಲ. ಆದರೆ ಅದನ್ನೇ ವಿಷದ ಪರೀಕ್ಷೆ ಅಂದುಕೊಂಡರೆ ಮೋಸ ಹೋಗುತ್ತೇವೆ.

ಕುಡಿಯುವ ನೀರಿನದು ಇದಕ್ಕಿಂತ ಬಿಗಿ. ನಮ್ಮ ರಾಷ್ಟ್ರೀಯ ಮಾನದಂಡ ಐಎಸ್ 10500ರ 2012ರ ಆವೃತ್ತಿಯಲ್ಲಿ ಕೀಟನಾಶಕಗಳಿಗೇ ಒಂದು ಕೋಷ್ಟಕ ಇದೆ. ಅದರಲ್ಲಿ ಹೆಸರು ಹೇಳಿ ಮಿತಿ ಹಾಕಿದವು 18. ಅಲಾಕ್ಲೋರ್, ಅಟ್ರಜಿನ್, ಡಿಡಿಟಿ, ಎಂಡೋಸಲ್ಫಾನ್, ಮೊನೊಕ್ರೊಟೋಫಾಸ್, ಫೋರೇಟ್ ಹೀಗೆ. ಟ್ರಯಜೋಫಾಸ್ ಆ ಹದಿನೆಂಟರಲ್ಲಿ ಇಲ್ಲ.

ಮತ್ತೆ ಓದಿ. ಏಲೂರಿನಲ್ಲಿ ಎನ್‌ಐಎನ್ ಕುರುಹು ಕಂಡ ಟ್ರಯಜೋಫಾಸ್ ಆ ಪಟ್ಟಿಯಲ್ಲಿ ಇಲ್ಲ. ಪಟ್ಟಿಯನ್ನಷ್ಟೇ ನೋಡುವ ಪ್ರಯೋಗಾಲಯಕ್ಕೆ ನೀರು ಕಳಿಸಿದರೆ, ಅದರಲ್ಲಿ ಟ್ರಯಜೋಫಾಸ್ ಇದ್ದರೂ, ‘ಕೀಟನಾಶಕ ಪತ್ತೆಯಾಗಿಲ್ಲ’ ಅಂತಲೇ ಉತ್ತರ ಬರುತ್ತೆ. ಸುಳ್ಳಲ್ಲ ಅದು. ಕೇಳಿದ್ದಕ್ಕೆ ಕೊಟ್ಟ ಪ್ರಾಮಾಣಿಕ ಉತ್ತರ. ಏಲೂರಿನಲ್ಲಿ ವಿಷ ನೀರಿನಿಂದಲೇ ಬಂತು ಅಂತ ನಾನು ಹೇಳುತ್ತಿಲ್ಲ. ತರಕಾರಿಯ ಮೇಲೂ ಅನುಮಾನ ಇತ್ತು. ನಾನು ಹೇಳುತ್ತಿರುವುದು, ‘ನೀರು ಸರಿ ಇದೆ’ ಅನ್ನುವ ಮೊದಲ ದಿನದ ಹೇಳಿಕೆಗೆ ಎಷ್ಟು ತೂಕ ಇತ್ತು ಅನ್ನೋದರ ಬಗ್ಗೆ. ಇನ್ನೂ ಒಂದು ವಿಷಾದದ ವಿವರ ಇದೆ. ಟ್ರಯಜೋಫಾಸ್ ಅಪಾಯಕಾರಿ ಅಂತ ಕೇಂದ್ರ ಸರ್ಕಾರಕ್ಕೆ ಗೊತ್ತಿರಲಿಲ್ಲ ಅಂತಲ್ಲ. 2018ರ ಆದೇಶದಲ್ಲಿ 12 ಕೀಟನಾಶಕಗಳನ್ನು ಕೂಡಲೇ ನಿಷೇಧಿಸಿ, ಇನ್ನು 6ಕ್ಕೆ 2020ರ ಡಿಸೆಂಬರ್ 31ರವರೆಗೆ ಗಡುವು ಕೊಟ್ಟಿದ್ದರು. ಆ ಆರರಲ್ಲಿ ಟ್ರಯಜೋಫಾಸ್ ಒಂದು. ಏಲೂರಿನ ಜನ ಬಿದ್ದದ್ದು ಗಡುವಿಗೆ 26 ದಿನ ಬಾಕಿ ಇರುವಾಗ.

ಪಟ್ಟಿಯನ್ನು ಉದ್ದ ಮಾಡಿದರೆ ಆಯಿತಲ್ಲ ಅನ್ನಬಹುದು. 19 ದೇಶ ಮತ್ತು ಪ್ರದೇಶಗಳ ನೋಂದಣಿಗಳನ್ನು ಒಟ್ಟು ಹಾಕಿ 2020ರಲ್ಲಿ ಪ್ರಕಟವಾದ ಒಂದು ಲೆಕ್ಕದ ಪ್ರಕಾರ ಬಳಕೆಗೆ ನೋಂದಾದ ರಾಸಾಯನಿಕಗಳು, ಮಿಶ್ರಣಗಳು 3,50,000ಕ್ಕೂ ಹೆಚ್ಚು. ಅವು ಒಡೆದು, ಬೆರೆತು, ಸುಟ್ಟು ಹುಟ್ಟುವ ಮಗಳಂದಿರ ಲೆಕ್ಕ ಬೇರೆ. ಪಟ್ಟಿ ಎಂದೂ ಮುಗಿಯಲ್ಲ.

ಮೆಟಬಾಲೋಮಿಕ್ಸ್ ಇಲ್ಲಿ ಪ್ರಶ್ನೆಯನ್ನೇ ತಿರುಗಿಸುತ್ತೆ. ನೀರಲ್ಲಿ ಏನಿದೆ ಅಂತ ಕೇಳುವ ಬದಲು, ಮೈಗೆ ಏನಾಗಿದೆ ಅಂತ ಕೇಳುತ್ತೆ. ನಮ್ಮ ರಕ್ತ, ಮೂತ್ರದಲ್ಲಿ ಸಾವಿರಾರು ಸಣ್ಣ ಅಣುಗಳು ಹರಿದಾಡುತ್ತಿರುತ್ತವೆ: ಸಕ್ಕರೆ, ಅಮೈನೋ ಆಮ್ಲ, ಕೊಬ್ಬು, ಪಿತ್ತರಸದ ಆಮ್ಲಗಳು. ಊಟ ಶಕ್ತಿಯಾಗುವ, ಶಕ್ತಿ ಮಾಂಸವಾಗುವ, ಕಸ ಹೊರಗೆ ಹೋಗುವ ದಾರಿಯ ಮೈಲಿಗಲ್ಲುಗಳು ಇವು. ಇವನ್ನೇ ಮೆಟಬಾಲೈಟ್ ಅನ್ನುತ್ತಾರೆ. ಯಕೃತ್ತು ಸುಸ್ತಾದರೆ ಒಂದು ಗುಂಪಿನ ಅಣುಗಳು ಏರುತ್ತವೆ, ಜೀವಕೋಶಗಳಲ್ಲಿ ಶಕ್ತಿ ಉತ್ಪಾದನೆ ಕೆಟ್ಟರೆ ಇನ್ನೊಂದು ಗುಂಪು. ಅವೆಲ್ಲವನ್ನೂ ಒಟ್ಟಿಗೇ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ತೂಗಿ, ವಿಷ ತಾಗಿದವರ ಮತ್ತು ತಾಗದವರ ಚಿತ್ರಗಳನ್ನು ಪಕ್ಕ ಪಕ್ಕ ಇಟ್ಟು ನೋಡುವುದು ಮೆಟಬಾಲೋಮಿಕ್ಸ್. ವಿಶೇಷ ಏನೆಂದರೆ, ಹೊರಗಿನಿಂದ ಬಂದ ರಾಸಾಯನಿಕದ ಚೂರೂ ಅದೇ ಚಿತ್ರದಲ್ಲಿ ಇರಬಹುದು. ಕಳ್ಳ ಮತ್ತು ಕಳ್ಳತನದ ಗುರುತು ಎರಡೂ ಒಂದೇ ಫ್ರೇಮಿನಲ್ಲಿ.

ಒಂದು ಉದಾಹರಣೆ. ನಾನ್‌ಸ್ಟಿಕ್, ಅಗ್ನಿಶಾಮಕ ನೊರೆಗಳಂಥವುಗಳಲ್ಲಿ ಬಳಸುವ ಪಿಎಫ್‌ಎಎಸ್ ಗುಂಪಿನ ರಾಸಾಯನಿಕಗಳ ಬಗ್ಗೆ ಕೇಳಿರುತ್ತೀರಿ, ಪ್ರಕೃತಿಯಲ್ಲಿ ಕರಗದವು. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡ 2022ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಅವರ ಕೈಯಲ್ಲಿ ಹವಾಯಿ ಮತ್ತು ಲಾಸ್ ಏಂಜಲೀಸ್‌ನ 2 ಲಕ್ಷಕ್ಕೂ ಹೆಚ್ಚು ಜನರ ದೀರ್ಘಕಾಲದ ಅಧ್ಯಯನವೊಂದರ ರಕ್ತ ಭಂಡಾರ ಇತ್ತು. ಮುಂದೆ ಯಕೃತ್ತಿನ ಕ್ಯಾನ್ಸರ್ ಬಂದ 50 ಜನರ, ಕ್ಯಾನ್ಸರ್ ಬರುವ ಮುಂಚೆ ತೆಗೆದ ರಕ್ತವನ್ನು ಹುಡುಕಿದರು. ಕ್ಯಾನ್ಸರ್ ಬಾರದ 50 ಜನರ ರಕ್ತದ ಜೊತೆ ಹೋಲಿಸಿದರು. ಪಿಎಫ್‌ಒಎಸ್ ಎಂಬ ರಾಸಾಯನಿಕ ಅತಿ ಹೆಚ್ಚಿದ್ದ ಗುಂಪಿನಲ್ಲಿ ಆ ಕ್ಯಾನ್ಸರಿನ ಸಾಧ್ಯತೆ ಸುಮಾರು 4.5 ಪಟ್ಟು ಕಂಡಿತು. ಮೆಟಬಾಲೋಮಿಕ್ಸ್ ನಡುವಿನ ದಾರಿಯ ಸುಳಿವನ್ನೂ ಕೊಟ್ಟಿತು: ಗ್ಲೂಕೋಸ್, ಅಮೈನೋ ಆಮ್ಲ, ಪಿತ್ತರಸದ ವಹಿವಾಟು ಕೆಟ್ಟಿತ್ತು. ನೂರೇ ಜನರ ಅಧ್ಯಯನ, ಅಂತಿಮ ತೀರ್ಪಲ್ಲ. ಆದರೆ ಇಲ್ಲೂ ಅದೇ ಮಾತು: ರಕ್ತವನ್ನು ಎತ್ತಿಟ್ಟಿದ್ದರು.

ಇಷ್ಟು ಹೊಗಳಿ ನಿಲ್ಲಿಸಿದರೆ ಇದು ಸ್ಟಾರ್ಟಪ್ ಜಾಹೀರಾತಾಗುತ್ತೆ. ಈ ತಂತ್ರದ ಮಿತಿಗಳು ಸಣ್ಣವಲ್ಲ. 2015ರಲ್ಲಿ ಪ್ರಕಟವಾದ ಒಂದು ಲೆಕ್ಕದ ಪ್ರಕಾರ ಗುರಿ ಇಲ್ಲದ ಪ್ರಯೋಗಗಳಲ್ಲಿ ಕಾಣುವ ಬೆರಳಚ್ಚುಗಳಲ್ಲಿ ಹೆಸರು ಹಚ್ಚಲು ಆಗುತ್ತಿದ್ದದ್ದು ಸರಾಸರಿ ಶೇ. 1.8ಕ್ಕೆ ಮಾತ್ರ. ಆಮೇಲೆ ಸುಧಾರಿಸಿದೆ, ಆದರೂ ಸಿಸಿಟಿವಿಯಲ್ಲಿ ಕಾಣುವ ಬಹುಪಾಲು ಮುಖಗಳು ಇನ್ನೂ ಅಪರಿಚಿತ. ಎರಡನೆಯದು, ಮೈಯ ಅಣುಗಳು ಎಲ್ಲಕ್ಕೂ ಅಲ್ಲಾಡುತ್ತವೆ: ಬೆಳಿಗ್ಗೆ ತಿಂದ ಇಡ್ಲಿಗೆ, ನುಂಗಿದ ಪ್ಯಾರಾಸಿಟಮಾಲ್‌ಗೆ, ಜ್ವರಕ್ಕೆ. ಫಿಟ್ಸ್ ಬಂದವರ ರಕ್ತದಲ್ಲಿ ಲ್ಯಾಕ್ಟೇಟ್ ಏರಿರುತ್ತೆ, ಕಾರಣ ಕೀಟನಾಶಕವೋ, ಸೀಸವೋ, ಹುಟ್ಟಿನಿಂದ ಬಂದ ಮೂರ್ಛೆ ರೋಗವೋ, ಅದಕ್ಕೆ ವ್ಯತ್ಯಾಸವಿಲ್ಲ. ರೋಗಿಗಳ ರಕ್ತವನ್ನಷ್ಟೇ ಹಿಡಿದು ಕೂತರೆ ಕಾಯಿಲೆಯ ಪರಿಣಾಮವನ್ನೇ ಕಾರಣ ಅಂದುಕೊಳ್ಳುತ್ತೇವೆ. ಅದೇ ಬೀದಿಯ, ಅದೇ ದಿನದ, ಬೀಳದೇ ಇದ್ದ ಪಕ್ಕದ ಮನೆಯವರ ರಕ್ತವೂ ಬೇಕು. ವಾಹಿನಿಗಳಿಗೆ ಬೈಟ್ ಕೊಡಲು ಅವಸರ ಇರುವಾಗ ಚೆನ್ನಾಗಿರುವವರ ರಕ್ತ ತೆಗೆಯಬೇಕು ಅಂತ ಯಾರಿಗೆ ಹೊಳೆಯಬೇಕು? ಹೊಳೆಯಬೇಕಾದರೆ ಅದು ಮೊದಲೇ ನಿಯಮವಾಗಿ ಬರೆದಿಟ್ಟಿರಬೇಕು.

ಮೂರನೆಯ ಅಪಾಯ ರಾಜಕೀಯದ್ದು. ಅದನ್ನು ಹೇಳಲು ಕಾಸರಗೋಡಿಗೆ ಹೋಗಬೇಕು, ಎಣ್ಮಕಜೆಯ ಪಡ್ರೆ ಎಂಬ ಕನ್ನಡದ ಊರಿಗೆ. ಎರಡು ದಶಕಕ್ಕೂ ಹೆಚ್ಚು ಕಾಲ, 2000ದವರೆಗೆ, ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ ಅಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಗಡಿಯ ಈಚೆ, ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಗಳಲ್ಲಿ ನಮ್ಮದೇ ಗೇರು ಅಭಿವೃದ್ಧಿ ನಿಗಮ ಅದನ್ನೇ ಮಾಡಿತು. ಊರಿನ ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್ ತಮ್ಮ ರೋಗಿಗಳಲ್ಲಿ ಏನೋ ಸರಿ ಇಲ್ಲ ಅಂತ ಗುರುತಿಸಿದರು, ಶ್ರೀ ಪಡ್ರೆ ಬರೆದರು. ಯಾರ ಬಳಿಯೂ ಮಾಸ್ ಸ್ಪೆಕ್ಟ್ರೋಮೀಟರ್ ಇರಲಿಲ್ಲ. ಸುಮ್ಮನೆ ಮನೆ ಮನೆ ಲೆಕ್ಕ ಇತ್ತು.

2001ರಲ್ಲಿ ದೆಹಲಿಯ ಸಿಎಸ್‌ಇ ಅಲ್ಲಿನ ರಕ್ತ, ನೀರು, ಮಣ್ಣು ಪರೀಕ್ಷಿಸಿ ಎಂಡೋಸಲ್ಫಾನ್ ಇದೆ ಅಂದಿತು. ನಿಗಮ ನಿಯೋಜಿಸಿದ ಪ್ರಯೋಗಾಲಯ ಬೇರೆ ಉತ್ತರ ಕೊಟ್ಟಿತು. ಅಲ್ಲಿಂದ ಶುರುವಾದದ್ದು ವಿಧಾನದ ಜಗಳ: ನಿಮ್ಮ ಯಂತ್ರ ಸರಿ ಇಲ್ಲ, ನಿಮ್ಮ ಮಾದರಿ ಸಾಲದು. ಆಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಪಡ್ರೆಯ 117 ಗಂಡು ಮಕ್ಕಳು, ಹೋಲಿಕೆಗೆ ಬೇರೆ ಊರಿನ 90 ಮಕ್ಕಳು. ಸಿಂಪಡಣೆ ನಿಂತ ಮೇಲೂ ಪಡ್ರೆಯ ಶೇ. 78 ಮಕ್ಕಳ ರಕ್ತದಲ್ಲಿ ಎಂಡೋಸಲ್ಫಾನ್ ಸಿಕ್ಕಿತು, ಹೋಲಿಕೆಯ ಊರಿನಲ್ಲಿ ಶೇ. 29. ಪ್ರೌಢಾವಸ್ಥೆಯ ಬೆಳವಣಿಗೆ ತಡವಾಗಿತ್ತು. ಅಷ್ಟಾದರೂ ದೇಶಾದ್ಯಂತ ನಿಷೇಧಕ್ಕೆ 2011ರ ಮೇ 13ರ ಸುಪ್ರೀಂ ಕೋರ್ಟ್ ಆದೇಶದವರೆಗೆ ಕಾಯಬೇಕಾಯಿತು. ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ಪರಿಹಾರ ಕೊಡಿ ಅಂತ ಕೋರ್ಟ್ ಹೇಳಿದ್ದು 2017ರ ಜನವರಿಯಲ್ಲಿ.

ಇಲ್ಲಿ ಒಂದು ಸೂಕ್ಷ್ಮ ಇದೆ. ಎಂಡೋಸಲ್ಫಾನ್ ಮಣ್ಣಿನಲ್ಲಿ, ಮೈಯಲ್ಲಿ ಎಂಡೋಸಲ್ಫಾನ್ ಸಲ್ಫೇಟ್ ಆಗುತ್ತೆ, ಅದೂ ವಿಷ, ಇನ್ನೂ ಹೆಚ್ಚು ಕಾಲ ಉಳಿಯುತ್ತೆ. ನಮ್ಮ ಕುಡಿಯುವ ನೀರಿನ ಮಾನದಂಡ ಈಗ ತಾಯಿ-ಮಗಳು ಇಬ್ಬರನ್ನೂ ಒಟ್ಟಿಗೆ ಲೆಕ್ಕ ಹಾಕಿ ಮಿತಿ ಹೇಳುತ್ತೆ. ಅಂದರೆ ಕಾನೂನಿಗೆ ಮಗಳನ್ನು ಎಣಿಸಲು ಬರುತ್ತೆ. ಒಂದು ಊರು ಪೂರ್ತಿ ಬೆಲೆ ತೆತ್ತ ಮೇಲೆ.

ಹಾಗಾಗಿ ಮೆಟಬಾಲೋಮಿಕ್ಸ್ ಬಂತು, ಇನ್ನು ನಿಖರ ಸಾಕ್ಷ್ಯ ಸಿಗುತ್ತೆ ಅಂತ ಖುಷಿಪಡುವವರಿಗೆ ನಾನು ಕೇಳುವುದು: ಆ ನಿಖರತೆ ಯಾರ ಹೆಗಲ ಮೇಲೆ? 1990ರಲ್ಲಿ ಗರ್ಭಿಣಿಯಾಗಿದ್ದ ಕೊಕ್ಕಡದ ತಾಯಿಯ ರಕ್ತದಲ್ಲಿ ಆಗ ಏನಿತ್ತು ಅನ್ನೋದನ್ನು ಇವತ್ತಿನ ಯಾವ ಯಂತ್ರವೂ ಹೇಳಲಾರದು. ವಿಷ ಹೊರಟು ಹೋಗಿದೆ, ಹಾಸಿಗೆ ಹಿಡಿದ ಮಗ ಉಳಿದಿದ್ದಾನೆ. ‘ನಿಮ್ಮ ಮಗನ ಮೆಟಬಾಲೈಟ್ ಪ್ರೊಫೈಲ್ ತನ್ನಿ, ಆಮೇಲೆ ಪಿಂಚಣಿ ನೋಡೋಣ’ ಅನ್ನುವ ದಿನ ಬರಬಾರದು. ಕಂಪನಿಗಳ ವಕೀಲರಿಗೆ ಶೇ. 1.8ರ ಅಂಕಿ ನನಗಿಂತ ಚೆನ್ನಾಗಿ ಗೊತ್ತಿರುತ್ತೆ. ಪರಿಹಾರಕ್ಕೆ ಡಾ. ಮೋಹನ್ ಕುಮಾರ್ ಅವರ ಮನೆ ಮನೆ ಲೆಕ್ಕದಂಥದ್ದೇ ಸಾಕಾಗಬೇಕು. ಯಂತ್ರ ಬೇಕಾಗಿರುವುದು ಮುಂದಿನ ಪಡ್ರೆಯನ್ನು ಬೇಗ ಕಾಣಲು.

ಅದು ಸಾಧ್ಯ ಅನ್ನೋದಕ್ಕೆ ರೈನ್ ನದಿ ಸಾಕ್ಷಿ. 1986ರ ನವೆಂಬರ್ 1ರಂದು ಬಾಸೆಲ್ ಬಳಿ ಸ್ಯಾಂಡೋಜ್ ಕಂಪನಿಯ ಗೋದಾಮಿಗೆ ಬೆಂಕಿ ಬಿದ್ದು, ಬೆಂಕಿ ಆರಿಸಿದ ನೀರಿನ ಜೊತೆ ಟನ್‌ಗಟ್ಟಲೆ ಕೀಟನಾಶಕ ನದಿ ಸೇರಿ ಮೀನುಗಳು ಸಾಮೂಹಿಕವಾಗಿ ಸತ್ತವು. ಆ ಪಾಠದಿಂದ ಹುಟ್ಟಿದ ನಿಗಾ ಕೇಂದ್ರ ಬಾಸೆಲ್‌ನ ಕೆಳಗೆ ದಿನವೂ ನದಿ ನೀರು ತೆಗೆದು ಗುರಿ ಇಲ್ಲದ ವಿಧಾನದಲ್ಲೂ ನೋಡುತ್ತೆ. ಯಾವ ಪಟ್ಟಿಯಲ್ಲೂ ಇಲ್ಲದ ಅಣು ಹಠಾತ್ತನೆ ಕಂಡರೆ ಮೇಲಿನ ಕಾರ್ಖಾನೆಗಳತ್ತ ಹುಡುಕಿಕೊಂಡು ಹೋಗುತ್ತಾರೆ. ಹಾಗೆ ಹಿಡಿದದ್ದೂ ಇದೆ. ಜರ್ಮನಿ 1985ರಿಂದ ಮೀನು, ಎಲೆ, ಮಣ್ಣು, ಮನುಷ್ಯರ ರಕ್ತವನ್ನು ವರ್ಷ ವರ್ಷವೂ ಅತಿಶೀತದಲ್ಲಿ ಇಡುತ್ತಾ ಬಂದಿದೆ. ನಾಳೆ ಹೊಸ ವಿಷದ ಹೆಸರು ಗೊತ್ತಾದರೆ ಅವರು 1990ರ ರಕ್ತವನ್ನು ತೆಗೆದು ಕೇಳಬಲ್ಲರು.

ನಮಗೆ ಯಂತ್ರವಿಲ್ಲ ಅನ್ನೋದು ಸಬೂಬು. ಬೆಂಗಳೂರೊಂದರಲ್ಲೇ ಐಐಎಸ್‌ಸಿ, ಜಿಕೆವಿಕೆ ಆವರಣದ ಎನ್‌ಸಿಬಿಎಸ್ ಮತ್ತು ಸಿ-ಕ್ಯಾಂಪ್‌ಗಳಲ್ಲಿ ಒಳ್ಳೆಯ ಮಾಸ್ ಸ್ಪೆಕ್ಟ್ರೋಮೀಟರ್‌ಗಳಿವೆ. ಓಡಿಸಬಲ್ಲ ಹುಡುಗ-ಹುಡುಗಿಯರಿದ್ದಾರೆ, ಅವರಲ್ಲಿ ಹಲವರು ಔಷಧ ಕಂಪನಿಗಳಿಗೆ ಹೋಗುತ್ತಾರೆ. ಇಲ್ಲದಿರುವುದು ಮಾದರಿಯನ್ನು ಎಸೆಯಬೇಡಿ ಅನ್ನುವ ನಿಯಮ. ಒಂದು ಡೀಪ್ ಫ್ರೀಜರ್, ಬಿಡದ ಕರೆಂಟು, ಯಾವ ದಿನ ಎಲ್ಲಿ ತೆಗೆದದ್ದು ಅಂತ ಬರೆದ ಚೀಟಿ, ಮತ್ತು ಯಂತ್ರದ ಕಚ್ಚಾ ಕಡತವನ್ನು ಅಳಿಸದೆ ಇಡುವ ಸರ್ವರ್. ದುಬಾರಿ ಭಾಗ ಆಮೇಲಿನದು. ಮೊದಲು ಎತ್ತಿಟ್ಟರೆ ಸಾಕು.

ಇದನ್ನು ಕೇಳಲು ತಜ್ಞರಾಗಬೇಕಿಲ್ಲ. ನಿಮ್ಮೂರಿನ ಕೆರೆಯದ್ದೋ, ಕೈಗಾರಿಕಾ ಪ್ರದೇಶದ ಪಕ್ಕದ ಬೋರ್‌ವೆಲ್‌ನದ್ದೋ ವರದಿ ‘ಮಿತಿಯೊಳಗಿದೆ’ ಅಂತ ಬಂದಾಗ ಹತ್ತು ರೂಪಾಯಿ ಶುಲ್ಕ ಕಟ್ಟಿ ಆರ್‌ಟಿಐ ಹಾಕಿ. ಯಾವ ಯಾವ ರಾಸಾಯನಿಕಗಳಿಗಾಗಿ ನೋಡಿದಿರಿ, ಹೆಸರು ಕೊಡಿ ಅಂತ ಕೇಳಿ. ಪ್ರತಿಯೊಂದಕ್ಕೂ ನಿಮ್ಮ ಯಂತ್ರ ಕಾಣಬಲ್ಲ ಅತಿ ಕಡಿಮೆ ಪ್ರಮಾಣ ಎಷ್ಟು ಅಂತ ಕೇಳಿ. ಅದಿಲ್ಲದೆ ‘ಪತ್ತೆಯಾಗಿಲ್ಲ’ ಅನ್ನೋದಕ್ಕೆ ಅರ್ಥವೇ ಇಲ್ಲ. ಉಳಿದ ಮಾದರಿ ಎಲ್ಲಿದೆ ಅಂತ ಕೇಳಿ. 2005ರ ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 2(ಎಫ್) ‘ಮಾಹಿತಿ’ ಎಂಬ ಪದದೊಳಗೆ ಸ್ಯಾಂಪಲ್‌ಗಳನ್ನೂ ಸೇರಿಸಿದೆ. 2(ಜೆ) ಪ್ರಕಾರ ವಸ್ತುವಿನ ದೃಢೀಕೃತ ಮಾದರಿ ಪಡೆಯುವುದೂ ನಿಮ್ಮ ಹಕ್ಕು. ಆದರೆ ಅದಕ್ಕೆ ಒಂದು ಷರತ್ತಿದೆ: ಆ ವಸ್ತು ಇಲಾಖೆಯ ಬಳಿ ಇನ್ನೂ ಇರಬೇಕು.